ಇದು ಝೆರಾಕ್ಸ್ ಅಲ್ಲ ಸ್ವಾಮಿ!

ಕಳೆದ ವಾರ ಊರಿನ ಸಭಾಂಗಣವೊಂದರಲ್ಲಿ ಮೂರು ದಿನ ಮುದ್ರಣ ಕಲೆಯ ಪ್ರದರ್ಶನ ನಡೆಯಿತು. ಗಣ್ಯರು ಬಂದರು, ದೀಪ ಹಚ್ಚಿದರು, ಹಾರ ಹಾಕಿಸಿಕೊಂಡರು, ಕಾಫಿ ಕುಡಿದು ಕಾರು ಹತ್ತಿದರು. ಗೋಡೆಯ ಕಡೆ ಕಣ್ಣು ಹಾಯಿಸಿದವರು ಬೆರಳೆಣಿಕೆಯಷ್ಟು ಮಂದಿ.

ಮೊದಲ ದಿನ ಮಧ್ಯಾಹ್ನ ಒಬ್ಬ ಹುಡುಗ ಬಂದ. ಚಿತ್ರಕಲಾ ಶಾಲೆಯಲ್ಲಿ ಮೂರನೇ ವರ್ಷ ಓದೋನು. ದಿನಾ ಹಳ್ಳಿಯಿಂದ ಬಸ್ಸಲ್ಲಿ ಓಡಾಡೋನು. ಊರಿಗೆ ಹೋಗುವ ಕೊನೇ ಬಸ್ಸಿನ ಹೊತ್ತಿನವರೆಗೂ ಅಲ್ಲೇ ಇದ್ದ.

ಅವನ ಪಕ್ಕ ನಿಂತಿದ್ದ ವ್ಯಾಪಾರಸ್ಥರೊಬ್ಬರು ಚಿತ್ರವೊಂದರ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದ 4/15 ಎಂಬ ಅಂಕಿ ನೋಡಿ ಕೇಳಿದರು: “ಏನಯ್ಯಾ, ಹದಿನೈದು ಕಾಪಿ ತೆಗೆದವ್ರಾ? ಹಂಗಾದ್ರೆ ಇದು ಝೆರಾಕ್ಸ್ ತಾನೆ? ಇದಕ್ಕೆ ಇಷ್ಟು ದುಡ್ಡಾ?”

ಉತ್ತರ ಹೇಳಬೇಕಾದ ಸಂಘಟಕರು ಎಲ್ಲಿದ್ದರೋ! ಹುಡುಗನೇ ತಡವರಿಸಿದ. “ಅಲ್ಲ ಸಾರ್, ಹದಿನೈದೂ ಅಸಲೇ.”

ಹುಡುಗ ಹೇಳಿದ್ದು ನಿಜ. ರವಿವರ್ಮನ ಲಕ್ಷ್ಮಿ, ಸರಸ್ವತಿ ಮನೆಮನೆಯ ದೇವರ ಗೂಡಿಗೆ ಬಂದದ್ದು 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಕಲ್ಲಚ್ಚಿನ ಕಾರ್ಖಾನೆಯಿಂದ. ಅವು ಬಣ್ಣದ ಚಿತ್ರದ ನಕಲು. ಇಲ್ಲಿ ನಕಲು ಮಾಡಲು ಬೇರೆ ಮೂಲಚಿತ್ರವೇ ಇಲ್ಲ. ಕಲಾವಿದ ಮರದ ಹಲಗೆಯನ್ನೋ ಸತುವಿನ ತಗಡನ್ನೋ ಮುಂದಿಟ್ಟುಕೊಂಡು ಕೂರುತ್ತಾನೆ. ಮರವಾದರೆ ಬೇಡದ್ದನ್ನು ಉಳಿಯಿಂದ ಕೆತ್ತಿ ತೆಗೆಯಬೇಕು, ಉಳಿದ ಉಬ್ಬಿಗೆ ಶಾಯಿ. ತಗಡಿನ ಲೆಕ್ಕ ಇದಕ್ಕೆ ತದ್ವಿರುದ್ಧ. ಮೇಣದಂಥ ಲೇಪ ಬಳಿದು, ಸೂಜಿಯಿಂದ ಗೀರಿ, ಆಸಿಡ್ಡಿಗೆ ಇಳಿಸುತ್ತಾರೆ. ಗೀರಿದ ಕಡೆ ಆಸಿಡ್ ತಿನ್ನುತ್ತದೆ. ಆ ತಗ್ಗಿಗೆ ಶಾಯಿ ತುಂಬಿ, ಮೇಲಿನದನ್ನು ಬಟ್ಟೆಯಿಂದ ಒರೆಸಿ, ಒದ್ದೆ ಕಾಗದ ಹಾಸಿ ರೋಲರಿನ ಕೆಳಗೆ ತಳ್ಳಬೇಕು. ಪ್ರತಿ ಹಾಳೆಗೂ ಮತ್ತೆ ಶಾಯಿ, ಮತ್ತೆ ಒರೆಸೋದು. ಕೈ ಸ್ವಲ್ಪ ಜೋರಾದರೆ ಚಿತ್ರ ಬಿಳಿಚಿಕೊಳ್ಳುತ್ತದೆ. 4/15 ಅಂದರೆ ಹದಿನೈದು ಹಾಳೆಗಳಲ್ಲಿ ಇದು ನಾಲ್ಕನೆಯದು ಎಂದು ಕಲಾವಿದ ಕೊಡುವ ಲೆಕ್ಕ. ಗುಂಡಿ ಒತ್ತಿದರೆ ಬೀಳುವ ಝೆರಾಕ್ಸಿಗೂ ಇದಕ್ಕೂ ಎಲ್ಲಿಯ ನಂಟು?

ಕೋಲು ಹಿಡಿದು ನಡೆಯುವ ಗಾಂಧಿ, ಕಪ್ಪು ನೆಲದ ಮೇಲೆ ಬಿಳಿ ಗೆರೆ. ಈ ಚಿತ್ರ ನೋಡದವರು ಕಡಿಮೆ. 1930ರ ದಂಡಿ ಯಾತ್ರೆಯ ಹೊತ್ತಿನಲ್ಲಿ ನಂದಲಾಲ್ ಬೋಸರು ಲಿನೋಲಿಯಂ ಕೆತ್ತಿ ಒತ್ತಿದ್ದು ಅದು. 1943ರ ಬಂಗಾಳದ ಕ್ಷಾಮವನ್ನು ಕಣ್ಣಾರೆ ಕಂಡು ಬರೆದ ಚಿತ್ತಪ್ರಸಾದರೂ ಮುಂದೆ ಲಿನೋ ಕೆತ್ತಿದವರೇ. ಒಂದೇ ಹಲಗೆಯಿಂದ ಹತ್ತಾರು ಹಾಳೆ ಬರುವುದರಿಂದ ಬಡವನ ಗೋಡೆಗೂ ಒಂದು ಚಿತ್ರ ದಕ್ಕೀತು ಎಂಬುದೇ ಈ ಕಲೆಯ ದೊಡ್ಡಸ್ತಿಕೆ.

ಈಗ ಹುಡುಗನ ಕಷ್ಟಕ್ಕೆ ಬನ್ನಿ. ಅವನ ಶಾಲೆಯ ಪಠ್ಯದಲ್ಲಿ ಮುದ್ರಣ ಕಲೆ ಇದೆ, ಪರೀಕ್ಷೆಯೂ ಇದೆ. ಇಲ್ಲದ್ದು ಒಂದೇ, ಪ್ರೆಸ್ಸು! ರೋಲರ್ ಮುಟ್ಟದ ಹುಡುಗರು ರೋಲರಿನ ಮೇಲೆ ಎರಡು ಪುಟ ಉತ್ತರ ಬರೆದು ಪಾಸಾಗುತ್ತಾರೆ. ಮುಂದಿನ ವರ್ಷ ಅವನು ಯಾವುದಾದರೂ ಒಂದು ವಿಭಾಗ ಹಿಡಿಯಬೇಕು. ಇದನ್ನೇ ಹಿಡಿಯಬೇಕೆಂದರೆ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕು. ರೂಮಿನ ಬಾಡಿಗೆ ಯಾರಪ್ಪ ಕೊಡೋರು?

ಇತ್ತ ಪೇಟೆಬೀದಿಯಲ್ಲಿ ಮೊಳೆ ಜೋಡಿಸಿ ಲಗ್ನಪತ್ರಿಕೆ ಹೊಡೆಯುತ್ತಿದ್ದ ಅಚ್ಚುಕೂಟಗಳು ಒಂದೊಂದಾಗಿ ಬಾಗಿಲು ಹಾಕಿವೆ. ಪ್ರೂಫ್ ತೆಗೆಯುವ ಕೈಯಂತ್ರಗಳು ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ತಗಡಿನ ಕೆಲಸಕ್ಕೆ ಅವು ಸಾಲವು, ಬೇರೆಯದೇ ಪ್ರೆಸ್ಸು ಬೇಕು. ಆದರೆ ಮರ, ಲಿನೋ ಒತ್ತಲು ಧಾರಾಳ ಸಾಕು. ಉದ್ಘಾಟನೆಯ ಹಾರ, ಶಾಲು, ಬ್ಯಾನರಿನ ದುಡ್ಡು ಉಳಿಸಿದ್ದರೆ ಒಂದು ಯಂತ್ರ ಶಾಲೆಯ ಮೂಲೆ ಸೇರುತ್ತಿರಲಿಲ್ಲವೇ? ಆಡಳಿತ ಮಂಡಳಿಯವರು ಒಮ್ಮೆ ಆ ಬೀದಿಯಲ್ಲಿ ನಡೆದಾದರೂ ನೋಡಲಿ.

ಹುಡುಗ ಅವರಿಗಾಗಿ ಕಾಯಲಿಲ್ಲ. ಮುಚ್ಚಿದ ಅಚ್ಚುಕೂಟದ ಮಾಲೀಕರೊಬ್ಬರು ಕಾಗದದಲ್ಲಿ ಕಟ್ಟಿಕೊಟ್ಟ ಒಂದಿಷ್ಟು ಶಾಯಿ, ಒಂದು ತುಂಡು ಪ್ಲೈವುಡ್, ಅಮ್ಮನ ಅಡುಗೆಮನೆಯ ಚಮಚ, ಇಷ್ಟರಲ್ಲೇ ಎರಡು ರಾತ್ರಿ ಕೂತು ಊರಿನ ಬಸ್ ಸ್ಟ್ಯಾಂಡ್ ಕೆತ್ತಿ, ಚಮಚದ ಬೆನ್ನಿಂದ ಉಜ್ಜಿ ಮೂರು ಹಾಳೆ ತೆಗೆದ. ತೋರಿಸೋಣವೆಂದು ಓಡಿ ಬಂದರೆ ಚಿತ್ರಗಳೆಲ್ಲ ಗಂಟು ಕಟ್ಟಿಯಾಗಿತ್ತು, ಸಭಾಂಗಣದಲ್ಲಿ ಸೀರೆ ಸೇಲಿನವರು ಬಂದು ಕೂತಿದ್ದರು.

ಬಾಗಿಲಲ್ಲೇ ನಿಂತು ಕಾವಲುಗಾರನಿಗೆ ತೋರಿಸಿದ. ಅವನು ತಿರುಗಿಸಿ ಮುರುಗಿಸಿ ನೋಡಿ, “ಬಸ್ಸು ಚೆನ್ನಾಗೈತೆ ಕಣಪ್ಪ, ಬೋರ್ಡಲ್ಲಿ ಊರ ಹೆಸರು ಉಲ್ಟಾ ಬಿದ್ದೈತಲ್ಲ?” ಅಂದ.