ಲಸಿಕೆಯೂ ಅಂಗಡಿಯ ಸರಕೇ?

ನಮ್ಮ ಫಳ್ನೀರಿನಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ, ಔಷಧದಂಗಡಿಗಳಿಗೂ ಇಲ್ಲ. ಆದರೆ ರೋಗ ಬಾರದಂತೆ ತಡೆಯುವ ಚುಚ್ಚುಮದ್ದೇ ಬಡವನ ಕೈಗೆ ಎಟುಕದಿದ್ದರೆ ಈ ಸಾಲು ಕಟ್ಟಡಗಳಿಂದ ಅವನಿಗಾದ ಲಾಭವೇನೆಂದು ನಾವು ಕೇಳಬೇಕಾಗಿದೆ.

ನಾವು ಹೇಳುತ್ತಿರುವುದು ಮೆನಿಂಜೈಟಿಸ್ ರೋಗದ ಮಾತು. ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿರುವ ಪೊರೆಗೆ ಸೋಂಕು ತಗಲಿ ಬಾವು ಬರುವುದೇ ಈ ರೋಗ. ಬ್ಯಾಕ್ಟೀರಿಯಾದಿಂದ ಬಂದರೆ ಆರು ಮಂದಿಯಲ್ಲಿ ಒಬ್ಬರು ಸಾಯುತ್ತಾರೆ; ಐವರಲ್ಲಿ ಒಬ್ಬರಿಗೆ ಕಿವುಡುತನವೋ ಅಂಗವೈಕಲ್ಯವೋ ಅಂಥ ಬೇರೆ ತೊಂದರೆಯೋ ಗಂಟುಬೀಳುತ್ತದೆ. ಇದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ಮೊದಲು ನಮ್ಮ ಹಕ್ಕಿನದನ್ನು ನಾವು ಪಡೆಯೋಣ. ಹುಟ್ಟಿದೊಡನೆ ಕೊಡುವ ಬಿ.ಸಿ.ಜಿ. ಮಗುವನ್ನು ಕ್ಷಯದ ಮೆನಿಂಜೈಟಿಸ್‌ನಿಂದ ಕಾಯುತ್ತದೆ. 6, 10, 14ನೆಯ ವಾರಗಳ ಪೆಂಟಾವಲೆಂಟ್ ಲಸಿಕೆಯಲ್ಲಿ ‘ಹಿಬ್’ ರೋಗಾಣುವಿನ ವಿರುದ್ಧ ರಕ್ಷಣೆಯಿದೆ. 6, 14ನೆಯ ವಾರ ಹಾಗೂ 9ನೆಯ ತಿಂಗಳಿನ ನ್ಯುಮೋಕಾಕಲ್ ಲಸಿಕೆ 2021ರಲ್ಲಿ ದೇಶವ್ಯಾಪಿಯಾಯಿತು. ಇವೆಲ್ಲ ಸರಕಾರಿ ಕೇಂದ್ರಗಳಲ್ಲಿ ಉಚಿತ. ಇದು ಯಾರ ಭಿಕ್ಷೆಯೂ ಅಲ್ಲ, ನಮ್ಮದೇ ತೆರಿಗೆಯ ಹಣ. ಒಂದು ದಿನದ ಕೂಲಿ ಹೋದೀತೆಂದು, ಅಂಗಡಿ ಬಾಗಿಲು ಹಾಕಬೇಕಾದೀತೆಂದು ಮೂರನೆಯ ಡೋಸನ್ನು ಬಿಡುವವರು ತಾಯಿ ಕಾರ್ಡನ್ನು ಇಂದೇ ತೆಗೆದು ನೋಡಲಿ. ಲಸಿಕೆಯ ದಿನ ಹೆತ್ತವರಿಗೆ ಸಂಬಳಸಹಿತ ರಜೆ ಕೊಡಬೇಕೆಂದು ಮಾಲಿಕರನ್ನು ಕೇಳುವುದು ಸಂಘಗಳ ಕರ್ತವ್ಯ.

ಉಳಿದಿರುವುದು ಮೆನಿಂಗೊಕಾಕಸ್. ಕೆಮ್ಮು, ಎಂಜಲು, ಒತ್ತೊತ್ತಾದ ವಾಸದಿಂದ ಇದು ಹರಡುತ್ತದೆ; ಎಳೆಮಕ್ಕಳನ್ನೂ ಹರೆಯದವರನ್ನೂ ಹೆಚ್ಚಾಗಿ ಹಿಡಿಯುತ್ತದೆ. ಇದರ ಲಸಿಕೆ ಮಾತ್ರ ಸರಕಾರದ ಸಾಮಾನ್ಯ ಪಟ್ಟಿಯಲ್ಲಿಲ್ಲ. ಹಜ್ ಯಾತ್ರಿಕರಿಗೆ ಸರಕಾರ ಅದನ್ನು ಒದಗಿಸುತ್ತದೆ, ಅದು ಸರಿಯಾದದ್ದೇ. ಓದಲು ಹೊರದೇಶಕ್ಕೆ ಹೊರಟ ಕಾರ್ಮಿಕನ ಮಗಳು ಮಾತ್ರ ಸಾವಿರಗಟ್ಟಲೆ ರೂಪಾಯಿ ತೆರಬೇಕು.

ಲಸಿಕೆಯನ್ನು ಅಗ್ಗವಾಗಿ ತಯಾರಿಸಲು ಬಾರದೆಂದು ಯಾರೂ ಹೇಳುವಂತಿಲ್ಲ. 2010ರಿಂದ ಆಫ್ರಿಕದ ಬಡ ದೇಶಗಳಿಗೆ ಅರ್ಧ ಡಾಲರಿಗೂ ಕಡಿಮೆ ಬೆಲೆಯಲ್ಲಿ ‘ಎ’ ಜಾತಿಯ ಮೆನಿಂಗೊಕಾಕಸ್ ಲಸಿಕೆ ಹೋದದ್ದು ನಮ್ಮ ಪುಣೆಯಿಂದ. ಅಲ್ಲಿ ಆ ಜಾತಿಯ ಪಿಡುಗು ಅಡಗಿಯೇ ಹೋಯಿತು. ಐದು ಜಾತಿಗಳನ್ನು ತಡೆಯುವ ಹೊಸ ಲಸಿಕೆಯೂ ಪುಣೆಯದೇ. 2024ರಲ್ಲಿ ಅದನ್ನು ಮೊದಲು ಬಳಕೆಗೆ ತಂದ ದೇಶ ನೈಜೀರಿಯ.

ರೋಗ ಇಲ್ಲಿ ಅಪರೂಪ, ಎಲ್ಲರಿಗೂ ಕೊಡುವುದು ದುಂದೆಂದು ಅಧಿಕಾರಿಗಳು ಹೇಳಬಹುದು. ಎಲ್ಲರಿಗೂ ಕೊಡಿ ಎಂದು ನಾವೂ ಕೇಳುತ್ತಿಲ್ಲ. ಆದರೆ 2005ರಲ್ಲಿ ದಿಲ್ಲಿಯಲ್ಲಿ ಈ ರೋಗ ಹಬ್ಬಿದ್ದನ್ನು ಮರೆಯಲಾಗದು. ಕಿಕ್ಕಿರಿದ ವಿದ್ಯಾರ್ಥಿನಿಲಯಗಳಲ್ಲಿರುವವರಿಗೆ, ಗುಲ್ಮ ತೆಗೆಸಿಕೊಂಡವರಿಗೆ, ವಿದೇಶಕ್ಕೆ ಓದಲು ಹೋಗುವ ಬಡವರ ಮಕ್ಕಳಿಗೆ ಇದು ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗಲಿ. ನಮ್ಮ ಬೇಡಿಕೆ ಇಷ್ಟೇ.

ಅಲ್ಲಿಯವರೆಗೆ ತಿಳಿವಳಿಕೆಯೇ ನಮ್ಮ ಆಯುಧ. ಜೋರು ಜ್ವರ, ತಡೆಯಲಾಗದ ತಲೆನೋವು, ಬಗ್ಗದ ಕುತ್ತಿಗೆ, ವಾಂತಿ, ಬೆಳಕು ಸಹಿಸದ ಕಣ್ಣು, ಮಂಪರು. ಹಸುಗೂಸಿನಲ್ಲಿ ಉಬ್ಬಿದ ನೆತ್ತಿ, ಹಾಲು ಒಲ್ಲದಿರುವುದು. ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು ಕಲೆಗಳು. ಎಲ್ಲವೂ ಕಾಣಿಸಲೆಂದು ಕಾಯಬೇಡಿ. ಮಾತ್ರೆ ನುಂಗಿಸಿ ಪಾಳಿ ಮುಗಿಯಲೆಂದೂ ಕಾಯಬೇಡಿ. ಇಪ್ಪತ್ತನಾಲ್ಕು ಗಂಟೆಯೊಳಗೆ ಜೀವ ಹೋಗಬಹುದು. ವೆನ್ಲಾಕ್ ಆಸ್ಪತ್ರೆಯ ಬಾಗಿಲು ರಾತ್ರಿಯೂ ತೆರೆದಿರುತ್ತದೆ. ಹೋದ ಕೂಲಿಯನ್ನು ನಾಳೆ ದುಡಿಯಬಹುದು, ಹೋದ ಮಗುವನ್ನು ಮರಳಿ ತರಲಾಗದು.