ಏಳು ಜನ ತಾವೇ ಕಡ್ಡಿ ಗೀರಿಕೊಂಡರೇನು?



2000ನೇ ಇಸವಿ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಸುಟ್ಟು ಕೊಂದರು. ಸತ್ತವರಲ್ಲಿ ಹೆಂಗಸರೂ ಇದ್ದರು. ಆಗ ಅದು ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. 2006ರಲ್ಲಿ ಸೆಷನ್ಸ್ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟಿತು. 2014ರಲ್ಲಿ ಹೈಕೋರ್ಟು, ಬಿಟ್ಟದ್ದು ಸರಿ ಅಂತು. ಹಾಗಾದರೆ ಬೆಂಕಿ ಇಟ್ಟದ್ದು ಯಾರು? ಏಳು ಜನ ತಾವೇ ಕಡ್ಡಿ ಗೀರಿಕೊಂಡರೇನು?

ಹಾಸ್ಟೆಲುಗಳಲ್ಲಿ ಓದುತ್ತಿರುವ ನಿಮ್ಮಲ್ಲಿ ಬಹಳ ಜನ ಆಗ ಹುಟ್ಟೇ ಇರಲಿಲ್ಲ. ಅದಕ್ಕೇ ಹೇಳಬೇಕಾಗಿದೆ. ಕೊಲೆ ನಡೆದಿಲ್ಲ ಅಂತ ಯಾವ ಕೋರ್ಟೂ ಹೇಳಲಿಲ್ಲ. ಇಂಥವರೇ ಮಾಡಿದರು ಅನ್ನೋದು ರುಜುವಾತಾಗಲಿಲ್ಲ ಅಂತ ಹೇಳಿದವು. ಯಾಕೆ ಆಗಲಿಲ್ಲ? ಸಾಕ್ಷಿಗಳು ತಿರುಗಿಬಿದ್ದರು. ಅವತ್ತಿನಿಂದ ಇವತ್ತಿನವರೆಗೆ ಪೇಟೆಯ ಬುದ್ಧಿವಂತರು ನಮಗೆ ಹೇಳುತ್ತಲೇ ಇದ್ದಾರೆ: ನಿಮ್ಮವರೇ ಸಾಕ್ಷಿ ಹೇಳಲಿಲ್ಲವಲ್ಲಪ್ಪ, ಕೋರ್ಟು ಏನು ಮಾಡುತ್ತೆ?

ಈ ಮಾತನ್ನು ನಾವು ಒಪ್ಪುವುದಿಲ್ಲ.

ಸಾಕ್ಷಿ ಅಂದರೆ ಯಾರು? ಯಾರ ಹೊಲದಲ್ಲಿ ಕೂಲಿಗೆ ಹೋಗಬೇಕೋ ಅವರ ಮನೆ ಮಗನ ಮೇಲೆ ಬೆರಳು ತೋರಿಸಬೇಕಾದ ಹೆಂಗಸು. ಅವಳ ದನ ಮೇಯುವ ಗೋಮಾಳ ಅವರ ಕೈಯಲ್ಲಿ. ಅವಳು ರೇಷನ್ ತರುವ ಅಂಗಡಿ ಅವರ ಬೀದಿಯಲ್ಲಿ. ಕೇಸು ನಡೆಯೋದು ಒಂದು ದಿನವಲ್ಲ, ಒಂದು ವರ್ಷವಲ್ಲ. ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಹೋಗುತ್ತೆ, ಬಸ್ ಚಾರ್ಜು ಹೋಗುತ್ತೆ. ಆರೋಪಿಗಳು ಜಾಮೀನಿನ ಮೇಲೆ ಬಂದು ಅದೇ ಅರಳಿಕಟ್ಟೆ ಮೇಲೆ ಕೂತು ಅವಳು ಹೋಗಿ ಬರೋದನ್ನ ನೋಡುತ್ತಿರುತ್ತಾರೆ. ಒಬ್ಬ ಅಜ್ಜಿ ಕೋರ್ಟಿನ ವರಾಂಡದಲ್ಲಿ ನಮಗೆ ಹೇಳಿದ್ದು ಇಷ್ಟೇ: "ನೀವು ಸಂಜೆ ಬಸ್ಸಿಗೆ ಹೊಂಟೋಗ್ತೀರ ಮಕ್ಕಳೇ. ನಾನು ನಾಳೆ ಅದೇ ನಲ್ಲಿಗೆ ಬಿಂದಿಗೆ ಹಿಡ್ಕಂಡು ಹೋಗ್ಬೇಕು." ನಮ್ಮ ಬಾಯಿ ಕಟ್ಟಿಹೋಯಿತು. ಅವತ್ತು ನಾವು ಸಂಜೆ ಬಸ್ಸಿಗೇ ಬಂದುಬಿಟ್ಟೆವು. ಅದು ನಿಜ, ಬರೆಯದೆ ಇರಕ್ಕಾಗಲ್ಲ.

ಆದ್ದರಿಂದ 'ತಿರುಗಿಬಿದ್ದ ಸಾಕ್ಷಿ' ಅನ್ನುವ ಮಾತನ್ನೇ ತಿರುಗಿಸಿ ನೋಡಬೇಕು. ಮೊದಲು ತಿರುಗಿಬಿದ್ದದ್ದು ಸರ್ಕಾರ. ರಕ್ಷಣೆ ಕೊಡುತ್ತೇನೆ ಅಂದಿದ್ದು ಅದು, ಕೊಡದೆ ಹೋದದ್ದೂ ಅದೇ.

ಇದನ್ನೆಲ್ಲ ಹಳ್ಳಿ ಜಗಳ, ವೈಷಮ್ಯ, ಪೂರ್ವದ್ವೇಷ ಅಂತ ಬರೆಯುವ ಪತ್ರಿಕೆಗಳಿವೆ. ಇದು ರಾಜಕೀಯ ಹಿಂಸೆ. ಯಾರು ಆಳಬೇಕು, ಯಾರು ಕೈಕಟ್ಟಿ ನಿಲ್ಲಬೇಕು ಅನ್ನೋದಕ್ಕೇ ಈ ಬೆಂಕಿ. ಅನುಮಾನ ಇದ್ದವರು ತಮಿಳುನಾಡಿನ ಮೇಲವಳವು ನೋಡಲಿ. ಮಧುರೈ ಜಿಲ್ಲೆಯ ಆ ಪಂಚಾಯ್ತಿ ಅಧ್ಯಕ್ಷ ಸ್ಥಾನ 1996ರಲ್ಲಿ ಪರಿಶಿಷ್ಟರಿಗೆ ಮೀಸಲಾಯಿತು. ಅಲ್ಲಿ ಗೆದ್ದ ಮುರುಗೇಶನ್ ಅವರನ್ನೂ ಜೊತೆಗಿದ್ದ ಐವರನ್ನೂ 1997ರ ಜೂನ್ 30ರಂದು ಹಾಡಹಗಲೇ ಬಸ್ಸು ತಡೆದು ಕಡಿದರು. ಮುರುಗೇಶನ್ ಅವರ ತಲೆ ಬಾವಿಯಲ್ಲಿ ಸಿಕ್ಕಿತು. ತಪ್ಪೇನು? ಕುರ್ಚಿ ಮೇಲೆ ಕೂತದ್ದು. ಅಲ್ಲಿ 17 ಜನಕ್ಕೆ ಜೀವಾವಧಿ ಶಿಕ್ಷೆ ಆಯಿತು, ನಾವು ಸಮಾಧಾನಪಟ್ಟೆವು. 2019ರಲ್ಲಿ ಅವರಲ್ಲಿ 13 ಜನರನ್ನು ಅಲ್ಲಿನ ಸರ್ಕಾರವೇ ಅವಧಿಗೆ ಮುಂಚೆ ಬಿಟ್ಟು ಕಳಿಸಿತು. ಕೋರ್ಟು ಕೊಟ್ಟದ್ದನ್ನು ಸರ್ಕಾರಿ ಆದೇಶ ಕಿತ್ತುಕೊಂಡಿತು.

ಆಂಧ್ರದ ಚುಂಡೂರಿನ ಕತೆ ಇನ್ನೂ ಗಟ್ಟಿ. 1991ರ ಆಗಸ್ಟ್ 6ರಂದು ಎಂಟು ಜನರನ್ನು ಕೊಂದು, ಹೆಣಗಳನ್ನು ಗೋಣಿಚೀಲದಲ್ಲಿ ತುಂಬಿ ಕಾಲುವೆಗೆ ಎಸೆದರು. ಅಲ್ಲಿನ ನಮ್ಮ ಜನ ಪರಿಹಾರದ ಚೆಕ್ಕಿಗೆ ಸುಮ್ಮನಾಗಲಿಲ್ಲ. ಕೋರ್ಟು ನಮ್ಮೂರಿಗೇ ಬರಲಿ, ನಮ್ಮ ಕಣ್ಣೆದುರಿಗೇ ವಿಚಾರಣೆ ಆಗಲಿ ಅಂತ ಹಟ ಹಿಡಿದರು. ವಕೀಲ ಬೊಜ್ಜಾ ತಾರಕಂ ಅಂಥವರು ಜೊತೆಗೆ ನಿಂತರು. ಕೊನೆಗೆ ಕೋರ್ಟು ಚುಂಡೂರಿಗೇ ಬಂತು! 2007ರಲ್ಲಿ 21 ಜನಕ್ಕೆ ಜೀವಾವಧಿ ಶಿಕ್ಷೆ, ಇನ್ನೂ 35 ಜನಕ್ಕೆ ಒಂದು ವರ್ಷ ಜೈಲು. ಆದರೆ 2014ರಲ್ಲಿ ಹೈಕೋರ್ಟು ಎಲ್ಲರನ್ನೂ ಬಿಟ್ಟಿತು. ನಮ್ಮ ಕಂಬಾಲಪಲ್ಲಿಯ ಕಡತ ಮುಚ್ಚಿದ ವರ್ಷವೂ ಅದೇ.

ಅದೇ 2014ರ ಆಗಸ್ಟ್ 28ರಂದು ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ನಮ್ಮ ಕೇರಿಗೆ ಬೆಂಕಿ ಬಿತ್ತು. ಹೋಟೆಲಿಗೂ ಕ್ಷೌರದಂಗಡಿಗೂ ನಮ್ಮವರನ್ನು ಬಿಡದ ಊರು ಅದು. ಹತ್ತು ವರ್ಷ ಆದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಕೋರ್ಟು 101 ಜನರನ್ನು ತಪ್ಪಿತಸ್ಥರು ಅಂತ ಹೇಳಿ 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ದೇಶವೆಲ್ಲ ಸುದ್ದಿಯಾಯಿತು. ತಿಂಗಳು ತುಂಬುವ ಮೊದಲೇ ಅವರಲ್ಲಿ ಬಹುಪಾಲು ಜನಕ್ಕೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತು. ಶಿಕ್ಷೆ ಆದ ದಿನ ಪಟಾಕಿ ಹೊಡೆದವರು ಜಾಮೀನಿನ ದಿನ ಆ ಕೇರಿಗೆ ಹೋಗಿ ಕೂತಿದ್ದರೆ? ಕೇಳಿಕೊಳ್ಳಬೇಕು.

ಕಾನೂನು ಇಲ್ಲ ಅಂತ ಮಾತ್ರ ಯಾರೂ ಹೇಳಬೇಡಿ. 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ತನಿಖೆ ಮಾಡುವವನು ಡಿವೈಎಸ್ಪಿಗೆ ಕಡಿಮೆ ಇರಬಾರದು ಅಂತ 1995ರ ನಿಯಮ ಇದೆ. 2016ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ 15ಎ ಅನ್ನುವ ಕಲಮು ಇದೆ: ಸಾಕ್ಷಿಗೆ ರಕ್ಷಣೆ, ಕೋರ್ಟಿಗೆ ಬರುವ ಖರ್ಚು, ಬೇಕಾದರೆ ಬೇರೆ ಕಡೆ ವಸತಿ, ಜಾಮೀನು ಅರ್ಜಿ ಬಂದರೆ ನೊಂದವರಿಗೆ ಮಾತಾಡುವ ಹಕ್ಕು, ಎಲ್ಲ ಅದರಲ್ಲೇ ಬರೆದಿದೆ. ಚಾರ್ಜ್‌ಶೀಟು ಹಾಕಿದ ಎರಡು ತಿಂಗಳಲ್ಲಿ ಸಾಧ್ಯವಾದಷ್ಟೂ ವಿಚಾರಣೆ ಮುಗಿಸಿ ಅಂತಲೂ ಇದೆ. ಕರ್ತವ್ಯ ಮರೆತ ಅಧಿಕಾರಿಗೆ ಜೈಲು ಅನ್ನುತ್ತೆ 4ನೇ ಕಲಮು. ಎಫ್ಐಆರ್ ಬರೆಯದೆ ರಾಜಿ ಮಾಡಿಸಿದ ಸಬ್‌ಇನ್‌ಸ್ಪೆಕ್ಟರು ಆ ಕಲಮಿನಲ್ಲಿ ಒಳಗೆ ಹೋದದ್ದನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದರೆ ದಯವಿಟ್ಟು ನಮಗೆ ಬರೆದು ತಿಳಿಸಿ.

ಇನ್ನು ಪರಿಹಾರ. 2016ರ ನಿಯಮದಲ್ಲಿ ಕೊಲೆಗೆ 8,25,000 ರೂಪಾಯಿ ಅಂತ ಗೊತ್ತುಮಾಡಿದರು. ಅರ್ಧ ಶವಪರೀಕ್ಷೆ ಆದ ಮೇಲೆ, ಉಳಿದರ್ಧ ಚಾರ್ಜ್‌ಶೀಟು ಕೋರ್ಟಿಗೆ ಹೋದ ಮೇಲೆ. ಗಮನಿಸಿ, ಸರ್ಕಾರದ ಲೆಕ್ಕ ಚಾರ್ಜ್‌ಶೀಟಿಗೇ ಚುಕ್ತಾ. ಆಮೇಲೆ ಶಿಕ್ಷೆ ಆದರೂ ಒಂದೇ, ಬಿಟ್ಟರೂ ಒಂದೇ. ಹಣ ಬೇಡ ಅನ್ನುವ ದೊಡ್ಡಸ್ತಿಕೆ ನಮಗಿಲ್ಲ. ದುಡಿಯುವ ಜೀವ ಹೋದ ಮನೆಗೆ ಅದು ಬೇಕು, ಹಕ್ಕಿನಿಂದ ಬೇಕು. ಆದರೆ ಮಂತ್ರಿ ಬಂದು ಚೆಕ್ಕು ಕೊಡುವ ಫೋಟೋದಲ್ಲಿ ನಮ್ಮ ಮುಖಂಡರೂ ಹಲ್ಲುಬಿಟ್ಟು ನಿಂತಿರುತ್ತಾರಲ್ಲ, ಅವರನ್ನು ಮುಂದಿನ ವಾಯಿದೆಗೆ ಕೋರ್ಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕಂಬಾಲಪಲ್ಲಿ ಆದಾಗ ಎಷ್ಟು ಮೆರವಣಿಗೆ, ಎಷ್ಟು ಹಾಡು, ಎಷ್ಟು ಭಾಷಣ! 2000 ಮತ್ತು 2006ರ ನಡುವೆ, ಸಾಕ್ಷಿಗಳು ಒಬ್ಬೊಬ್ಬರಾಗಿ ಕಟಕಟೆ ಹತ್ತುವಾಗ, ಆ ಕೋರ್ಟಿನ ಬೆಂಚುಗಳ ಮೇಲೆ ನಾವು ಎಷ್ಟು ಜನ ಇದ್ದೆವು? ನೊಂದವರು ತಾವೇ ಮೇಲ್ಮನವಿ ಹಾಕುವ ಹಕ್ಕು ಕಾನೂನಿಗೆ ಸೇರಿದ್ದು 2009ರ ಕೊನೆಗೆ. ಆ ಹೊತ್ತಿಗೆ ಅವರ ಕೇಸು ಬಿದ್ದು ಮೂರು ವರ್ಷ ಆಗಿತ್ತು. ಈಗ ಆ ಹಕ್ಕು ಇದೆ. ಇದ್ದೂ ವಕೀಲರ ಫೀಸಿಗೆ, ದಾಖಲೆಗಳ ನಕಲಿಗೆ ಓಡಾಡುವವರಿಲ್ಲದೆ ಎಷ್ಟೋ ಕೇಸು ಕೆಳಗಿನ ಕೋರ್ಟಿನಲ್ಲೇ ಮಣ್ಣಾಗುತ್ತವೆ.

ಹಾಸ್ಟೆಲ್ ಹುಡುಗ ಹುಡುಗಿಯರಿಗೆ ನಾವು ಕೇಳುವುದು ಘೋಷಣೆಯನ್ನಲ್ಲ. ಪ್ರತಿ ಜಿಲ್ಲೆಯಲ್ಲೂ ಡಿ.ಸಿ. ಅಧ್ಯಕ್ಷತೆಯಲ್ಲಿ ಜಾಗೃತಿ ಸಮಿತಿ ಇದೆ, ಮೂರು ತಿಂಗಳಿಗೊಮ್ಮೆ ಅದು ಸೇರಲೇಬೇಕು. ರಾಜ್ಯದ ಸಮಿತಿಗೆ ಮುಖ್ಯಮಂತ್ರಿಯೇ ಅಧ್ಯಕ್ಷ, ವರ್ಷಕ್ಕೆ ಎರಡು ಸಲ ಸೇರಬೇಕು. ಸೇರಿದರೇ? ನಡಾವಳಿ ಎಲ್ಲಿ? ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಿಮ್ಮ ತಾಲ್ಲೂಕಿನಲ್ಲಿ ನಡೆಯುತ್ತಿರುವ ದೌರ್ಜನ್ಯದ ಕೇಸುಗಳು ಎಷ್ಟು, ಮುಂದಿನ ವಾಯಿದೆ ಯಾವತ್ತು, ಒಂದು ನೋಟ್‌ಬುಕ್ಕಿನಲ್ಲಿ ಬರೆದು ಹಾಸ್ಟೆಲಿನ ಊಟದ ಹಾಲಿನಲ್ಲಿ ನೇತುಹಾಕಿ. ಕಾನೂನು ಓದುವವರು 15ಎ ಕಲಮಿನ ಅರ್ಜಿ ಬರೆದುಕೊಡಿ. ಮಿಕ್ಕವರು ಬರೀ ಜೊತೆಗೆ ಹೋಗಿ.

ಕೋರ್ಟು ಕೂರುವುದು ಹನ್ನೊಂದಕ್ಕೆ. ಕೇರಿಯಿಂದ ಮೊದಲ ಬಸ್ಸು ಏಳಕ್ಕೆ. ಸಾಕ್ಷಿ ಹೇಳುವ ಅಜ್ಜಿ ಮನೆಯಿಂದ ಹೊರಡುವ ಹೊತ್ತಿಗೆ ನಾವು ಅವಳ ಬಾಗಿಲಲ್ಲಿರಬೇಕು, ಅವತ್ತು ರಾತ್ರಿ ಅಲ್ಲೇ ಉಳಿಯಬೇಕು, ಬೆಳಿಗ್ಗೆ ಅವಳ ಬಿಂದಿಗೆಯ ಜೊತೆ ನಲ್ಲಿಗೂ ಹೋಗಬೇಕು. ಬರುವವರು ಸಭೆ ಮುಗಿದ ಮೇಲೆ ಹೆಸರು ಬರೆಸಿ.