ಅಚ್ಚಿಗೆ ದುಡ್ಡಿದೆ, ಅಕ್ಷರಕ್ಕೆ ದುಡ್ಡಿಲ್ಲವೇ?



ಅಂಗಡಿಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಆಯಿತು. ಸಂತೋಷ. ಆದರೆ ಆ ಫಲಕದ ಕೆಳಗೆ ನಡೆಯುವ ವ್ಯಾಪಾರದ ಕನ್ನಡದ ಗತಿ ಏನು? ಹ್ಯಾಂಡ್‌ಬಿಲ್, ಬೀಜದ ಪ್ಯಾಕೆಟ್, ಔಷಧದ ಚೀಟಿ, ಗಿರಾಕಿಗೆ ಕಳಿಸುವ ಪತ್ರ, ಇವನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿರುವವರು ಯಾರು? ಹೇಳಲು ನಾಚಿಕೆಯಾಗುತ್ತದೆ, ಯಾರೂ ಬರೆಯುತ್ತಿಲ್ಲ!

ಮೇಡ್ಲೇರಿಯಂಥ ಊರಲ್ಲಿ ಪ್ರೆಸ್ ನಡೆಸುವ ನಮಗೆ ಇದು ದಿನವೂ ಕಾಣುವ ಸಂಗತಿ. ಕಾಗದ ಎಷ್ಟು ದಪ್ಪ, ಬಣ್ಣ ಎರಡೋ ನಾಲ್ಕೋ ಎಂದು ಅರ್ಧ ತಾಸು ಚೌಕಾಶಿ ಮಾಡುವ ವ್ಯಾಪಾರಸ್ಥರು, ಮ್ಯಾಟರ್ ಎಲ್ಲಿ ಎಂದರೆ ಇಂಗ್ಲಿಷ್ ಹಾಳೆ ಮುಂದಿಡುತ್ತಾರೆ. "ನೀವಽ ಕನ್ನಡ ಮಾಡಿಬಿಡ್ರಿ" ಎನ್ನುತ್ತಾರೆ. ಇಲ್ಲವೇ ಮೊಬೈಲು ಮಾಡಿಕೊಟ್ಟ ಅನುವಾದ ತರುತ್ತಾರೆ. ಡಿಟಿಪಿ ಹುಡುಗ ಅಕ್ಷರ ಜೋಡಿಸುವವನು. ಬರೆಯುವ ಕೆಲಸವೇ ಬೇರೆ, ಅದಕ್ಕೊಂದು ಕೂಲಿಯೂ ಬೇರೆ.

ಇದು ಬರೀ ಅಭಿಮಾನದ ಮಾತಲ್ಲ, ಜೀವದ ಮಾತು. ಕೀಟನಾಶಕದ ಜೊತೆಗಿನ ಚೀಟಿ ಹಿಂದಿ, ಇಂಗ್ಲಿಷ್ ಜೊತೆಗೆ ಆ ಭಾಗದ ಭಾಷೆಯಲ್ಲೂ ಇರಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ಆದರೆ ಎಂಥ ಕನ್ನಡ? "ಶಿಫಾರಸು ಮಾಡಲಾದ ಪ್ರಮಾಣವನ್ನು ಪ್ರತಿ ಹೆಕ್ಟೇರಿಗೆ ಪರ್ಣೀಯ ಸಿಂಪರಣೆಯ ಮೂಲಕ ಅನ್ವಯಿಸತಕ್ಕದ್ದು" ಎಂಬಂಥ ಕನ್ನಡ! ಅದನ್ನೇ ನಕಲು ಮಾಡಿ ನಮ್ಮ ಅಂಗಡಿಯವರೂ ಹ್ಯಾಂಡ್‌ಬಿಲ್ ಹೊಡೆಸುತ್ತಾರೆ. ನಮ್ಮ ರೈತ ಎಣಿಸುವುದು ಎಕರೆಯಲ್ಲಿ, ಕಲಸುವುದು ಪಂಪಿನ ಲೆಕ್ಕದಲ್ಲಿ. ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಹೆಕ್ಟೇರಿನ ಲೆಕ್ಕವನ್ನು ಎಕರೆಗೆ ಹಾಕಿದರೆ ಎರಡೂವರೆ ಪಟ್ಟು ವಿಷ! "ಎಕರೆಗೆ ಇಷ್ಟು, ಪಂಪಿಗೆ ಇಷ್ಟು, ಗಾಳಿಗೆ ಎದುರು ನಿಂತು ಹೊಡೆಯಬೇಡಿ" ಎಂದು ಬರೆಯಲು ಪಂಡಿತರು ಬೇಕಿಲ್ಲ. ರೈತನ ಮಾತು ಬಲ್ಲ ಬರಹಗಾರ ಬೇಕು.

ಬ್ಯಾಡಗಿ ಮೆಣಸಿನಕಾಯಿಯನ್ನೇ ನೋಡಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದರ ಹೆಗ್ಗಳಿಕೆ ಕಡುಗೆಂಪು ಬಣ್ಣ, ಖಾರ ಕಡಿಮೆ. ಅದನ್ನು ಕಂಡರಿಯದವರು ಪೊಟ್ಟಣದ ಮೇಲೆ "ಬೆಂಕಿಯಂಥ ಖಾರ" ಎಂದು ಬರೆದರೆ ಗಿರಾಕಿಗೂ ಮೋಸ, ಬೆಳೆದವನಿಗೂ ಅವಮಾನ.

ಹಾಗಾದರೆ ಏನು ಮಾಡಬೇಕು? ಸಂಬಳಕ್ಕೆ ಯಾರನ್ನೂ ಇಟ್ಟುಕೊಳ್ಳಬೇಕಿಲ್ಲ. ಕೆಲಸಕ್ಕಿಷ್ಟು ಎಂದು ಬರೆದುಕೊಡುವ ಸ್ವತಂತ್ರ ಬರಹಗಾರರನ್ನು ಹಿಡಿಯಿರಿ. ಕನ್ನಡ ಓದಿ ಕೆಲಸವಿಲ್ಲದೆ ಕುಳಿತ ಹುಡುಗ ಹುಡುಗಿಯರು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ಮೊದಲು ಒಂದು ಸಣ್ಣ ಹ್ಯಾಂಡ್‌ಬಿಲ್ ಬರೆಸಿ ನೋಡಿ, ಅದಕ್ಕೂ ದುಡ್ಡು ಕೊಡಿ. ಇಂಗ್ಲಿಷ್ ಹಾಳೆ ಕೊಡಬೇಡಿ. ಎದುರು ಕೂರಿಸಿಕೊಂಡು ನಿಮ್ಮ ಮಾಲಿನ ಗುಣ, ನಿಮ್ಮ ಗಿರಾಕಿ ಯಾರು ಎಂಬುದನ್ನು ಬಾಯಿಮಾತಲ್ಲಿ ಹೇಳಿ. ಬರೆದದ್ದನ್ನು ಒಬ್ಬ ಗಿರಾಕಿಗೆ ಓದಿ ಹೇಳಿ, ತಿಳಿಯದಿದ್ದರೆ ತಿದ್ದಿಸಿ. ದರ ಎಷ್ಟು, ಎಷ್ಟು ದಿನ, ಎಷ್ಟು ಸಲ ತಿದ್ದುವುದು ಎಂಬುದೆಲ್ಲ ಕಾಗದದ ಮೇಲಿರಲಿ. ಇನ್ನೊಂದು ಮಾತು: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಇಂಥ ಬರಹದ ಹಕ್ಕು ಬರೆದವರದೇ. ನಿಮಗೆ ಬೇಕಿದ್ದರೆ ಬರಹದಲ್ಲಿ ಪಡೆಯಬೇಕು. ಅದರಲ್ಲಿ ಅವಧಿ ಕಾಣಿಸದಿದ್ದರೆ 5 ವರ್ಷ ಮಾತ್ರ ಎಂದೇ ಲೆಕ್ಕ.

ಪೊಟ್ಟಣದ ಮೇಲೆ ಕನ್ನಡಕ್ಕೆ ಕಾನೂನು ಅಡ್ಡಿ ಎನ್ನುವವರೂ ಇದ್ದಾರೆ. ಸುಳ್ಳು! ಪೊಟ್ಟಣದ ವಿವರ ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿ ಇರಬೇಕೆಂದು 2011ರ ಪೊಟ್ಟಣ ಸಾಮಗ್ರಿ ನಿಯಮಗಳು ಹೇಳುವುದು ನಿಜ. ಅದು ಅನ್ಯಾಯವೂ ನಿಜ. ಆದರೆ ಜೊತೆಗೆ ಬೇರೆ ಭಾಷೆ ಬಳಸಲು ಅಡ್ಡಿಯಿಲ್ಲ ಎಂದು ಅದೇ ನಿಯಮ ಹೇಳುತ್ತದೆ. ಅಡ್ಡಿ ಇರುವುದು ನಮ್ಮ ಜಿಪುಣತನದಲ್ಲಿ.

ಕನ್ನಡ ಅನ್ನ ಕೊಡುವ ಭಾಷೆಯಾಗಬೇಕೆಂದು ವೇದಿಕೆ ಹತ್ತಿ ಕೂಗುತ್ತೇವೆ. ಆ ಅನ್ನ ಬಡಿಸುವವರು ಯಾರು? ಕನ್ನಡ ನೆಲದಲ್ಲಿ ವ್ಯಾಪಾರ ಮಾಡುವ ನಾವೇ! ಮುಂದಿನ ಸಲ ಪ್ರೆಸ್ಸಿಗೆ ಬರುವಾಗ ಕಾಗದದ ದುಡ್ಡಿನ ಜೊತೆ ಬರೆಯುವವರ ಕೂಲಿಯನ್ನೂ ಲೆಕ್ಕ ಹಾಕಿಕೊಂಡು ಬನ್ನಿ.